ಕನ್ನಡಿ ಮುಂದಿನ ಕುರ್ಚಿ

ಜೂನ್ ೩, ಸೋಮವಾರ

ಕನ್ನಡಿ ಮುಂದೆ ಕೂತು ಗಿರಾಕಿಗಳನ್ನು ನೋಡಿಕೊಳ್ಳುವ ನಮ್ಮ ಕನ್ನಡಿ ಅಕ್ಕ ಮಂಡಿ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದರು. ಹೋಗುವ ಮೊದಲು ಅಂಗಡಿಗೆ ಬಂದು ತಮ್ಮ ಕುರ್ಚಿಯ ಬೆನ್ನು ತಟ್ಟಿ, "ನಾನು ಓಡಾಡೋ ಹಾಗೆ ಆಗೋವರೆಗೂ ಇದು ನಿಂದು" ಎಂದರು. ಅವರು ಕುರ್ಚಿ ಕೊಟ್ಟ ಹಾಗೆ ಹೇಳಿದರು. ನನಗೆ ನೇಣು ಕೊಟ್ಟ ಹಾಗೆ ಕೇಳಿಸಿತು.

ಮದುವೆಯಾದ ಹೊಸದರಲ್ಲಿ ಈ ವಿಗ್ ಅಂಗಡಿಗೆ ಸೇರಿದವಳು ಇಲ್ಲಿಯವರೆಗೆ ಪರದೆಯ ಹಿಂದೆಯೇ ಇದ್ದೆ. ಮರದ ತಲೆಗೆ ಬಲೆ ಹೊದಿಸಿ, ಕೊಕ್ಕೆ ಸೂಜಿಯಲ್ಲಿ ಒಂದೊಂದೇ ಕೂದಲು ಎಳೆದು ಗಂಟು ಹಾಕುವುದು ನನ್ನ ಕೆಲಸ. ಮರದ ತಲೆಗಳು ಪ್ರಶ್ನೆ ಕೇಳುವುದಿಲ್ಲ. ಪರದೆಯ ಮುಂದೆ ಬಂದು ಕೂರುವ ತಲೆಗಳು ಕೇಳುತ್ತವೆ. ಊರೂರು ಅಲೆಯುವ ಅಪ್ಪನ ಹಿಂದೆ ಶಾಲೆ ಬದಲಾಯಿಸಿ ಬದಲಾಯಿಸಿ, ಕೊನೆಗೆ ಏಳನೇ ಕ್ಲಾಸಿನ ಮಧ್ಯದಲ್ಲಿ ಪಾಟಿಚೀಲ ಕೆಳಗಿಟ್ಟವಳು ನಾನು. ಕೋಟು ಹಾಕಿದವರಿಗೆ ಏನು ಹೇಳಲಿ?

ಅಂಗಡಿ ಯಜಮಾನರಿಗೆ ಇದೊಂದು ವಿಷಯವೇ ಅಲ್ಲ. "ಭಯ ಪಡೋಕೆ ಏನಿದೆಯಮ್ಮಾ? ಯಾರೇ ಬರಲಿ, ಏನೇ ಕೇಳಲಿ, ಒಂದೇ ಮಾತು. 'ಗೊತ್ತೇ ಆಗಲ್ಲ.' ನಗ್ತಾ ಹೇಳು, ಅಷ್ಟೇ" ಎನ್ನುತ್ತ ತಮ್ಮ ತಲೆ ಸವರಿಕೊಂಡರು. ಆ ತಲೆಯ ಮೇಲಿರುವುದು ನಾನೇ ಗಂಟು ಹಾಕಿದ್ದು. ನನಗೂ ಅಕ್ಕನಿಗೂ ಬಿಟ್ಟರೆ ಯಾರಿಗೂ ತಿಳಿಯದೆಂದು ಅವರ ನಂಬಿಕೆ. ಎದುರಿನ ಟೀ ಅಂಗಡಿಯವನಿಗೂ ಗೊತ್ತು.

ಅಕ್ಕ ಹೊರಡುವಾಗ ಹೇಳಿದ್ದು ಎರಡು ಮಾತು. ಒಂದು: "ಅಂಗಡಿ ಬಾಗಿಲು ದಾಟಿದ ಮೇಲೆ ಗಿರಾಕಿ ಎದುರು ಸಿಕ್ಕರೆ ನಿನಗೆ ಅವರ ಗುರುತಿಲ್ಲ. ಅವರಾಗಿ ಮಾತಾಡಿಸಿದರೆ ಮುಖ ನೋಡಿ ಮಾತಾಡು, ಹಣೆ ನೋಡಬೇಡ." ಇನ್ನೊಂದು: "ಹೆದರಿಕೆಯಾದಾಗೆಲ್ಲ ನಂಗೆ ಫೋನ್ ಮಾಡಿ ತಲೆ ತಿನ್ನಬೇಡ, ಮಾರಾಯ್ತಿ. ಬರೆದಿಡು." ಅದಕ್ಕೇ ಬರೆಯುತ್ತಿದ್ದೇನೆ.

ಬರೆಯಲು ಕೂರುವ ಮೊದಲು ಗ್ಯಾಸ್ ನೋಡಿ ಬಂದೆ, ಬೀಗ ಎಳೆದು ನೋಡಿ ಬಂದೆ. ಈಗ, ಎಳೆದದ್ದು ಇವತ್ತೋ ನಿನ್ನೆಯೋ ಎಂದು ಅನುಮಾನ. ಹೋಗಿ ಬರುತ್ತೇನೆ.

ಇವತ್ತೇ. ಬೀಗ ಬಿದ್ದಿದೆ.

ಜೂನ್ ೪, ಮಂಗಳವಾರ

ಕುರ್ಚಿಯ ತುದಿಯಲ್ಲಿ ಕೂತಿದ್ದೆ. ಕನ್ನಡಿಯಲ್ಲಿ ನನ್ನ ಮುಖ ನನಗೇ ಕಾಣದ ಹಾಗೆ ಬಾಗಿ, ಗಿರಾಕಿಯ ನೆತ್ತಿಯನ್ನಷ್ಟೇ ನೋಡುತ್ತಿದ್ದೆ. ಮೊದಲು ಬಂದವರು ಯಾವುದೋ ಆಫೀಸಿನವರು. ವಿಗ್ ಇಟ್ಟುಕೊಂಡು ಆ ಕಡೆ ಈ ಕಡೆ ತಿರುಗಿ, "ನಿಜವಾಗ್ಲೂ ಗೊತ್ತಾಗಲ್ವಾ?" ಎಂದರು.

ಬಾಯಿ ತೆರೆದೆ. "ಗೊತ್ತೇ" ಎನ್ನುವುದು ಬಂತು. ಮುಂದಿನದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ನನಗೆ ಗೊತ್ತಾಗುತ್ತದಲ್ಲ! ಬಸ್ಸು ಹತ್ತಿದರೆ ಮುಂದಿನ ಸೀಟಿನವರ ಬೈತಲೆ ನೋಡಿಯೇ ಹೇಳುತ್ತೇನೆ. "ಗೊತ್ತೇ... ಇದೆಯಲ್ಲ ಸಾರ್, ಗಾಳಿಗೆ ಸ್ವಲ್ಪ ಹುಷಾರಾಗಿರಬೇಕು" ಎಂದುಬಿಟ್ಟೆ.

ಯೋಚನೆ ಮಾಡಿ ಬರುತ್ತೇನೆಂದು ಹೋದರು. ಯೋಚನೆ ಮಾಡಿ ಬರುತ್ತೇನೆಂದವರು ಯಾವ ಅಂಗಡಿಗೂ ವಾಪಸು ಬಂದ ಚರಿತ್ರೆಯಿಲ್ಲ.

ಯಜಮಾನರು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಗಾಳಿ ವಿಷಯ ಯಾರು ಕೇಳಿದ್ರಮ್ಮಾ? ನೀನೇನು ಹವಾಮಾನ ಇಲಾಖೆನಾ?"

ಜೂನ್ ೭, ಶುಕ್ರವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆಯಿಲ್ಲ.

ಮಧ್ಯಾಹ್ನ ತಲೆಗೆ ಬಟ್ಟೆ ಸುತ್ತಿಕೊಂಡ ಎತ್ತರದ ಹೆಂಗಸೊಬ್ಬರು ಬಂದರು. ಅಗಲ ಭುಜ, ನಡಿಗೆಯಲ್ಲಿ ಗತ್ತು. ಕೂತು ಬಟ್ಟೆ ಬಿಚ್ಚಿದರು. ಒಂದು ಎಳೆಯೂ ಇಲ್ಲ. ಹುಬ್ಬು ಕೂಡ ಪೆನ್ಸಿಲ್ಲಿನದು. ಅವರು ಈಜು ಟೀಚರ್. ಊರಿನ ಈಜುಕೊಳದಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಾರೆ. ಮೊದಲು ನಾಣ್ಯದಗಲ ಉದುರಿತಂತೆ, ಆಮೇಲೆ ಕೈಗೆ ಕೈಗೆ ಬಂತಂತೆ. "ಡಾಕ್ಟರ್ ಹೇಳ್ತಾರೆ, ಮೈಯೊಳಗಿನ ಕಾವಲಿನವರೇ ದಾರಿ ತಪ್ಪಿ ಕೂದಲಿನ ಬೇರನ್ನ ಕಳ್ಳ ಅಂತ ಓಡಿಸ್ತಿದಾರೆ ಅಂತ. ಬೇರೆ ಏನೂ ಇಲ್ಲ, ಗಟ್ಟಿಯಾಗಿದೀನಿ. ಅಂಟೋದೂ ಅಲ್ಲ. ಆದ್ರೆ ಇದನ್ನ ನೂರು ಜನಕ್ಕೆ ಹೇಳ್ತಾ ಕೂರೋಕಾಗತ್ತಾ?" ಎಂದರು.

ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೇರವಾಗಿ ನೋಡಿ ಕೇಳಿದರು: "ಹಾಕ್ಕೊಂಡು ನೀರಿಗೆ ಇಳೀಬಹುದಾ?"

ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಯಜಮಾನರು ಹಾಜರು. "ಧಾರಾಳವಾಗಿ ಮೇಡಂ! ಅಂಟು ಹಾಕಿ ಕೂರಿಸೋದು ಇದೆ, ಎಲ್ಲಕ್ಕಿಂತ ಮೇಲಿನ ದರ್ಜೆ. ಧುಮುಕಿ, ಮುಳುಗಿ, ಗೊತ್ತೇ ಆಗಲ್ಲ. ಅಲ್ವೇನಮ್ಮಾ?"

ತಲೆ ಅಲ್ಲಾಡಿಸಿದೆ.

ಹೌದು ಎನ್ನುವ ಹಾಗೆ ಅಲ್ಲಾಡಿಸಿದೆ. ಅವರ ಮುಖ ಬೆಳಗಿತು. ಮುಂಗಡ ಕೊಟ್ಟು, ಅಳತೆ ಕೊಟ್ಟು ಹೋದರು. ಅವರ ತಲೆಯ ಸುತ್ತ ಟೇಪು ಹಿಡಿದು ಒಂದೇ ಅಳತೆಯನ್ನು ಎರಡೆರಡು ಸಲ ತೆಗೆದೆ. "ತಣ್ಣಗಿದೆ ನಿಮ್ಮ ಕೈ" ಎಂದು ಅವರೇ ನನ್ನನ್ನು ಸಮಾಧಾನ ಮಾಡಿದರು.

ಜೂನ್ ೮, ಶನಿವಾರ

ಮನೆಯವರು ಲಾರಿಯ ಮೇಲೆ ಹೋಗಿದ್ದಾರೆ, ಮನೆಯಲ್ಲಿ ನಾನು ಮತ್ತು ಅತ್ತೆ. ಊಟಕ್ಕೆ ಕೂತಾಗ ಕಣ್ಣೆದುರು ಒಂದೇ ಚಿತ್ರ: ನೀಲಿ ನೀರು, ಸುತ್ತ ಮಕ್ಕಳು, ನಡುವೆ ಸತ್ತ ಇಲಿಯ ಹಾಗೆ ತೇಲುವ ನನ್ನ ವಿಗ್. ತುತ್ತು ಇಳಿಯಲಿಲ್ಲ.

"ಏನೇ ಅದು, ತಟ್ಟೇಲಿ ಹುಳ ಕಂಡೋಳ ಹಾಗೆ?" ಎಂದರು ಅತ್ತೆ. ಯಾರು, ಎಲ್ಲಿಯವರು ಎಂದು ಹೇಳದೆ, ಒಬ್ಬರಿಗೆ ಸುಳ್ಳಿಗೆ ತಲೆಯಾಡಿಸಿದೆ ಎಂದೆ.

ಅತ್ತೆ ತಮ್ಮ ಹಲ್ಲಿನ ಸೆಟ್ಟು ತೆಗೆದು ಲೋಟದಲ್ಲಿ ಹಾಕಿದರು. ಅವರ ಮಾತು ಬೊಚ್ಚುಬಾಯಲ್ಲೇ ಹರಿತ. "ಇದನ್ನ ಕೂರಿಸಿದೋನು ಹೇಳಿದ್ದ, 'ಅಜ್ಜಿ, ಕಲ್ಲು ಬೇಕಾದರೂ ಕಡೀರಿ, ಅಲುಗಲ್ಲ' ಅಂತ. ನಿನ್ನ ಮದುವೆ ಮನೇಲಿ ಸೀನಿದೆ. ಎಲ್ಲಿ ಹೋಗಿ ಬಿತ್ತು?"

"ಬೀಗರ ಮಡಿಲಿಗೆ" ಎಂದೆ. ಆ ಬೀಗರೆಂದರೆ ನನ್ನ ಅಪ್ಪ.

"ಅಲುಗತ್ತೆ ಅಂತ ಅವನು ಒಂದು ಮಾತು ಅಂದಿದ್ದಿದ್ರೆ ಸೀನೋವಾಗ ಬಾಯಿಗೆ ಕೈ ಇಡ್ತಿದ್ದೆ. ನಂಗೆ ಬೇಕಾಗಿದ್ದಿದ್ದು ಅಷ್ಟೇ ಕಣೇ."

ಜೂನ್ ೯, ಭಾನುವಾರ

ಬೀಗ. ಗ್ಯಾಸ್. ಬೀಗ.

ಜೂನ್ ೧೧, ಮಂಗಳವಾರ

ಅಂಗಡಿಯ ಬಚ್ಚಲಲ್ಲಿ ಬಕೆಟ್ಟಿಗೆ ನೀರು ಬಿಟ್ಟು, ಈಜುಕೊಳಕ್ಕೆ ಹಾಕುವ ಹಾಗೆ ಔಷಧಿಪುಡಿ ಕದಡಿದೆ. ಒಂದು ತುಂಡು ಬಲೆಯನ್ನು ಅದೇ ಮೇಲಿನ ದರ್ಜೆಯ ಅಂಟು ಹಚ್ಚಿ ಮೊಣಕೈ ಮೇಲೆ ಕೂರಿಸಿಕೊಂಡು, ಗಿರಾಕಿಯಿಲ್ಲದಾಗಲೆಲ್ಲ ಹೋಗಿ ಕೈ ಮುಳುಗಿಸಿ ಆಡಿಸಿ ಬಂದೆ. ಸಂಜೆಯೊಳಗೆ ಒಂದು ಮೂಲೆ ಎದ್ದಿತು. ಆಮೇಲೆ ಇಡೀ ತುಂಡು ಬಾಡಿದ ಎಲೆಯ ಹಾಗೆ ಜಾರಿ ಬಕೆಟ್ಟಿನಲ್ಲಿ ಬಿತ್ತು. ಕೂದಲು ಒಣಹುಲ್ಲಾಗಿತ್ತು.

ಯಜಮಾನರಿಗೆ ತೋರಿಸಿದೆ. ನೋಡಿದರು, ನೋಡದವರ ಹಾಗೆ. "ಬಕೆಟ್ ತೊಳೆದಿಡು" ಎಂದರು.

ಕೆಟ್ಟವರಲ್ಲ ಅವರು. ನನಗೆ ಜ್ವರ ಏರಿದಾಗ ಆಸ್ಪತ್ರೆಗೆ ಕರೆದುಕೊಂಡು ಓಡಿದವರು. ಅಂಗಡಿ ನಡೆಯಬೇಕು, ಬಾಡಿಗೆ ಕಟ್ಟಬೇಕು ಎನ್ನುವ ಹೆದರಿಕೆ ಅವರದು. ನನ್ನ ಹೆದರಿಕೆಗೆ ಬಾಲ ಉದ್ದ, ಅಷ್ಟೇ ವ್ಯತ್ಯಾಸ.

ಜೂನ್ ೧೨, ಬುಧವಾರ

ಹೇಳಿದೆ. ಹೇಗೆ ಹೇಳಿದೆನೋ.

ಟೀಚರ್ ಬಲೆಯ ಅಳತೆ ನೋಡಲು ಬಂದಿದ್ದರು. ಯಜಮಾನರು ಬ್ಯಾಂಕಿಗೆ ಹೋಗಿದ್ದರು. ಅವರಿಲ್ಲದ ಹೊತ್ತು ನೋಡಿ ಹೇಳಿದ್ದು ಹೇಡಿತನವೇ. ಮೊಣಕೈ ಮೇಲಿನ ಕೆಂಪು ಗುರುತು ತೋರಿಸಿ, "ನೀರಿಗೆ ನಿಲ್ಲುವ ಕೂದಲು ಈ ಅಂಗಡಿಯಲ್ಲಿಲ್ಲ. ನನಗೆ ತಿಳಿದ ಹಾಗೆ ಎಲ್ಲೂ ಇಲ್ಲ. ಅವತ್ತೇ ಹೇಳಬೇಕಿತ್ತು" ಎಂದೆ.

ಅವರು ಆ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ, "ಹಾಗಾದ್ರೆ ಅವತ್ತು ಯಾಕೆ ತಲೆ ಅಲ್ಲಾಡಿಸಿದ್ರಿ?"

"ಹೆದರಿಕೆಗೆ."

"ಯಾರ ಹೆದರಿಕೆ? ಆ ಯಜಮಾನರದಾ?"

"ಅವರದೂ. ನಿಮ್ಮದೂ. ನಿಮ್ಮ ಮುಖ ಅಷ್ಟು ಖುಷಿಯಾಗಿತ್ತು."

"ನೀರಿಗಿಳಿಯದ ಈಜು ಟೀಚರ್. ಚೆನ್ನಾಗಿದೆ" ಎಂದು ಎದ್ದು ನಿಂತರು. ಬಾಗಿಲವರೆಗೆ ಹೋದರು. ಬೈಯುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ಅವರು ಹಿಂದಿರುಗಿ ಬಂದು ಕೂತರು. "ಸರಿ. ನೆಲದ ಮೇಲೆ ಹಾಕ್ಕೊಳೋಕೆ ಯಾವುದು ಒಳ್ಳೇದು, ಅದನ್ನ ಹೇಳಿ. ಈ ಸಲ ತಲೆ ಅಲ್ಲಾಡಿಸಬೇಡಿ, ಬಾಯಲ್ಲಿ ಹೇಳಿ."

ಹೇಳಿದೆ. ಅಂಟಿನದು ಬೇಡ, ನಿಮ್ಮ ಚರ್ಮ ನಯ, ಕೆಂಪಾಗುತ್ತದೆ. ಸಾದಾ ಬಲೆಯದು ಸಾಕು, ಬೆಲೆಯೂ ಅರ್ಧ. ಬೈತಲೆ ಸ್ವಲ್ಪ ಸೊಟ್ಟಗಿರಲಿ, ನೇರ ಬೈತಲೆ ದೇವರೂ ಕೊಡುವುದಿಲ್ಲ ಎಂದೆ. ಅದಕ್ಕೆ ಅವರು ನಕ್ಕರು.

ಯಜಮಾನರು ಬಂದು ವಿಷಯ ಕೇಳಿ ನಗಲಿಲ್ಲ. "ದೊಡ್ಡ ಆರ್ಡರನ್ನ ಚಿಕ್ಕದು ಮಾಡಿ ಕಳಿಸಿದೀಯ. ಇನ್ನೊಂದು ಹೀಗೆ ಆದ್ರೆ ಕುರ್ಚಿ ಇರಲಿ, ಪರದೆ ಹಿಂದೆಯೂ ನಿಂಗೆ ಜಾಗ ಇಲ್ಲ. ನೋಡ್ಕೋ."

ಈ ಕೆಲಸ ಹೋದರೆ ನನಗೆ ಬೇರೆ ಏನೂ ಬರುವುದಿಲ್ಲ. ಕೂದಲಿಗೆ ಗಂಟು ಹಾಕುವವಳನ್ನು ಇನ್ನಾರು ಕೆಲಸಕ್ಕೆ ಕರೆಯುತ್ತಾರೆ?

ಬೀಗ ಎರಡೇ ಸಲ ನೋಡಿದೆ. ದಣಿವು.

ಜೂನ್ ೨೦, ಗುರುವಾರ

ಟೀಚರ ವಿಗ್ ಮುಗಿಯಿತು. ಹಣೆಯ ಅಂಚಿಗೆ ಮಗುವಿನ ಕೂದಲಿನಂಥ ಸಣ್ಣ ಎಳೆಗಳನ್ನು ಹಾಕಿದ್ದೆ. ಕೂರಿಸಿದಾಗ ಅವರು ಕಿವಿಯ ಪಕ್ಕ ಬೆರಳಾಡಿಸಿಕೊಂಡರು.

"ಗೊತ್ತಾಗತ್ತಾ?"

"ನನಗೆ ಗೊತ್ತಾಗತ್ತೆ. ಬೇರೆಯವರಿಗೆ, ನೀವು ಪದೇ ಪದೇ ಮುಟ್ಟಿಕೊಂಡರೆ ಗೊತ್ತಾಗತ್ತೆ. ಮುಟ್ಟದಿದ್ದರೆ ಇಲ್ಲ."

ಕೈ ಕೆಳಗಿಳಿಸಿದರು. ಸದ್ಯಕ್ಕೆ ದಡದಲ್ಲಿ ನಿಂತು ಸೀಟಿ ಊದಿ ಕಲಿಸುತ್ತಿದ್ದಾರಂತೆ. ಮಕ್ಕಳು, "ಮಿಸ್, ನಿಮಗೆ ನೀರು ಅಂದ್ರೆ ಭಯಾನಾ?" ಎಂದು ಕೇಳುತ್ತವಂತೆ.

ಜೂನ್ ೨೨, ಶನಿವಾರ

ಅಯ್ಯೋ, ನನ್ನ ಕೈ ಕತ್ತರಿಸಿ ಹಾಕಬೇಕು.

ಸಂಜೆ ತರಕಾರಿ ಕೊಳ್ಳುತ್ತಿದ್ದೆ. ಈಜುಕೊಳ ಬಿಟ್ಟ ಹೊತ್ತು, ಮಕ್ಕಳು ತಾಯಂದಿರು ಎಲ್ಲ ಅದೇ ರಸ್ತೆ. ಟೀಚರ್ ತಾವಾಗಿಯೇ ಬಂದು, "ಚೆನ್ನಾಗಿದೀರಾ?" ಎಂದರು. ನಾನು ಅಕ್ಕ ಹೇಳಿದ ಹಾಗೆ ಮುಖವನ್ನೇ ನೋಡಿದೆ. ಮುಖವನ್ನೇ ನೋಡುತ್ತಿದ್ದೆ, ದೇವರಾಣೆ. ಆದರೆ ಬಲಗಿವಿಯ ಹಿಂದೆ ಬಲೆಯ ಅಂಚು ಒಂದು ಚೂರು ಎದ್ದಿತ್ತು. ನನ್ನ ಕೈ ನನ್ನನ್ನು ಕೇಳಲೇ ಇಲ್ಲ. ಎದ್ದು ಹೋಗಿ, ಹೆಬ್ಬೆರಳಲ್ಲಿ ಒತ್ತಿ, ಎಳೆ ಸರಿಮಾಡಿ, ವಾಪಸು ಬಂದು ಈರುಳ್ಳಿ ಹಿಡಿದುಕೊಂಡಿತು.

ಟೀಚರ್ ಬಿಳಿಚಿಕೊಂಡರು. ಪಕ್ಕದಲ್ಲಿ ಮಗಳ ಕೈ ಹಿಡಿದು ನಿಂತಿದ್ದವರು ಅದನ್ನು ನೋಡಿದರು. ನನ್ನನ್ನೂ ನೋಡಿದರು. ಆ ಹೆಂಗಸನ್ನು ನಾನು ಬಲ್ಲೆ. ಮಳೆಯಿರಲಿ ಬಿಸಿಲಿರಲಿ ಕಪ್ಪು ಕನ್ನಡಕವನ್ನು ನೆತ್ತಿಯ ಮೇಲೇರಿಸಿಕೊಂಡಿರುತ್ತಾರೆ. ನೆತ್ತಿ ತೆಳ್ಳಗಾಗಿದೆ, ಅದನ್ನು ಮುಚ್ಚಲು. ನೆತ್ತಿಗೆ ಅಂಗೈಯಗಲದ ತುಂಡೊಂದು ಬೇಕೆಂದು ಹೋದ ತಿಂಗಳು ಅಕ್ಕನ ಹತ್ತಿರ ಬಂದಿದ್ದರು. ಆಗ ಒಳಗಿಂದ ಬಲೆ ತಂದು ತೋರಿಸಿದವಳು ನಾನೇ, ನಾನು ಯಾವ ಅಂಗಡಿಯವಳೆಂದು ಅವರಿಗೆ ಚೆನ್ನಾಗಿ ಗೊತ್ತು.

ಬೀಗ ಎಷ್ಟು ಸಲ ನೋಡಿದೆನೋ. ಮುಚ್ಚಬೇಕಾದ ಬಾಗಿಲು ಅದಲ್ಲ.

ಜೂನ್ ೨೫, ಮಂಗಳವಾರ

ಕಪ್ಪು ಕನ್ನಡಕದವರು ಬಂದರು. ಗಿರಾಕಿಯ ಕುರ್ಚಿಯಲ್ಲಿ ಕೂತರು, ಕನ್ನಡಕ ತೆಗೆಯಲಿಲ್ಲ.

"ಆ ಈಜು ಟೀಚರ್ ನಿಮ್ಮ ಗಿರಾಕಿ ಅಲ್ವಾ? ಏನು ಕಾಯಿಲೆ ಅವರಿಗೆ? ನಮ್ಮ ಮಕ್ಕಳು ಅದೇ ನೀರಲ್ಲಿ ಇರ್ತಾರೆ, ನಮಗೆ ತಿಳಿಯೋ ಹಕ್ಕಿದೆ. ಅಮ್ಮಂದಿರೆಲ್ಲ ಮಾತಾಡ್ಕೋತಿದೀವಿ. ಅವರನ್ನ ತೆಗೀರಿ, ಇಲ್ಲಾಂದ್ರೆ ಮಕ್ಕಳನ್ನ ಬಿಡಿಸ್ತೀವಿ ಅಂತ ಕೊಳದ ಆಫೀಸಿಗೆ ಹೇಳೋರಿದೀವಿ."

ಗುರುತಿಲ್ಲ ಎಂದರೆ ಸುಳ್ಳು. ಅಂಟುವ ಕಾಯಿಲೆಯಲ್ಲ ಎಂದರೆ ಅವರ ಭಯ ಅಲ್ಲೇ ಹೋಗುತ್ತದೆ, ಟೀಚರ ಕೆಲಸ ಉಳಿಯುತ್ತದೆ. ಆದರೆ ಟೀಚರ್ ನೂರು ಜನಕ್ಕೆ ಹೇಳಲಾರೆನೆಂದು ನನ್ನೆದುರು ಬಿಚ್ಚಿದ್ದನ್ನು ನಾನೇ ಬೀದಿಗೆ ಹರವಿದ ಹಾಗಾಗುತ್ತದೆ. ಒಂದು ಸಲ ಕೈ ಮಾಡಿತು, ಈಗ ಬಾಯಿಯೂ ಮಾಡಲೇ?

"ಈ ಕುರ್ಚಿಯಲ್ಲಿ ಯಾರು ಕೂತಿದ್ದರು, ಯಾರು ಕೂರಲಿಲ್ಲ ಅಂತ ನಾನು ಹೇಳೋದಿಲ್ಲ ಮೇಡಂ" ಎಂದೆ. ದನಿ ಇಲಿಯದು. "ಇವತ್ತು ಕೂತವರ ವಿಷಯವನ್ನೂ ಹೇಳೋದಿಲ್ಲ."

ಅವರಿಗೆ ಅರ್ಥವಾಯಿತು. ಸಿಟ್ಟೂ ಬಂತು. "ನಾನೂ ನನ್ನ ಸ್ನೇಹಿತೆಯರೂ ಬೇರೆ ಅಂಗಡಿ ನೋಡ್ಕೋತೀವಿ" ಎಂದು ಯಜಮಾನರಿಗೆ ಕೇಳುವ ಹಾಗೆ ಹೇಳಿ ಹೋದರು.

ಯಜಮಾನರು ಹಣೆ ಹಣೆ ಬಡಿದುಕೊಂಡರು. "ಅಮ್ಮಾ ತಾಯಿ, ಅಂಟಲ್ಲ ಅಂತ ಒಂದು ಮಾತು ಅಂದುಬಿಟ್ಟಿದ್ರೆ ಆ ಟೀಚರಿಗೂ ಒಳ್ಳೇದು, ನಮಗೂ ಒಳ್ಳೇದು! ಸುಳ್ಳು ಹೇಳು ಅಂದಾಗ ನಿಜ ಹೇಳ್ತೀಯ, ನಿಜ ಹೇಳು ಅಂದಾಗ ಬಾಯಿ ಮುಚ್ಕೋತೀಯ!"

"ತಲೆ ಅವರದು ಸಾರ್. ಮಾತೂ ಅವರದೇ."

"ಅಕ್ಕ ಬರಲಿ. ಅವಳೇ ತೀರ್ಮಾನ ಮಾಡಲಿ, ನಿನ್ನ ಏನು ಮಾಡೋದು ಅಂತ."

ಅಕ್ಕನಿಗೆ ಫೋನ್ ಮಾಡೋಣವೆಂದುಕೊಂಡೆ. ಮಾಡಲಿಲ್ಲ. ಏನು ಮಾಡಬೇಕೆಂದು ಗೊತ್ತಿತ್ತು, ಅದೇ ಕಷ್ಟ.

ಜೂನ್ ೨೬, ಬುಧವಾರ

ಈಜುಕೊಳಕ್ಕೆ ಹೋಗಿದ್ದೆ. ಔಷಧಿ ವಾಸನೆ, ಒದ್ದೆ ನೆಲ, ಗೋಡೆಯ ಮೊಳೆಗಳಲ್ಲಿ ಚಿಕ್ಕ ಚಿಕ್ಕ ಟವಲು. ಮಕ್ಕಳಿನ್ನೂ ಬಂದಿರಲಿಲ್ಲ. ಟೀಚರ್ ಮೆಟ್ಟಿಲ ಮೇಲೆ ಕೂತು ಕಾಲನ್ನು ಮಾತ್ರ ನೀರಿಗೆ ಬಿಟ್ಟಿದ್ದರು.

ನಿಂತೇ ಹೇಳಿದೆ, ಕೂತರೆ ಎದ್ದು ಓಡಿಹೋಗುತ್ತೇನೆಂದು. ನನ್ನ ಕೈಯಿಂದ ಆದದ್ದು, ಅವರು ಬಂದು ಕೇಳಿದ್ದು, ನಾನು ಹೇಳದೆ ಬಿಟ್ಟದ್ದು, ತಾಯಂದಿರು ಆಡಿಕೊಳ್ಳುತ್ತಿರುವುದು.

"ಅಂಟೋದಲ್ಲ ಅಂತ ಹೇಳಬಹುದಿತ್ತಲ್ಲ ನೀವು?"

"ನಿಮ್ಮನ್ನ ಕೇಳದೆ ಹೇಗೆ ಹೇಳಲಿ?"

ಅವರು ಕಾಲಿನಿಂದ ನೀರು ತಳ್ಳುತ್ತ ಕೂತರು. ಒಮ್ಮೆಲೇ ನಕ್ಕುಬಿಟ್ಟರು. "ನಡುರಸ್ತೆಯಲ್ಲಿ ಬಂದು ತಲೆ ರಿಪೇರಿ ಮಾಡಿದ್ರಲ್ರೀ! ನಿಮ್ಮ ಕೈಗೆ ಒಂದು ಸೀಟಿ ಕಟ್ಟಬೇಕು." ಆಮೇಲೆ ನಗು ನಿಂತಿತು. "ನಿಮ್ಮ ಸಲಹೆ ಏನು? ಅಂಗಡಿಯವರಾಗಿ ಹೇಳಿ."

ಸಲಹೆ! ನನ್ನನ್ನು ಯಾರೂ ಹಾಗೆ ಕೇಳಿದ್ದಿಲ್ಲ. "ತಾಯಂದಿರಿಗೆ ಏನು ಹೇಳಬೇಕು, ಹೇಳಬೇಕೋ ಬೇಡವೋ, ನನಗೆ ತಿಳಿಯದು. ಅದು ನಿಮ್ಮದು. ಕೂದಲಿನದು ಕೇಳಿದರೆ, ನೀರಿಗೆ ಟೋಪಿಯೇ ಸರಿ, ಈಜುವವರ ರಬ್ಬರ್ ಟೋಪಿ. ಕತ್ತಿನ ಹಿಂದೆ ಬೋಳು ಕಾಣುತ್ತದೆ ಅಂತ ಇದ್ದರೆ, ಟೋಪಿಯ ಅಂಚಿಗೆ ಒಂದು ಪಟ್ಟಿ ಪ್ಲಾಸ್ಟಿಕ್ ಕೂದಲು ಹೊಲಿದುಕೊಡುತ್ತೇನೆ. ದೂರಕ್ಕೆ ಪರವಾಗಿಲ್ಲ. ಹತ್ತಿರ ಬಂದರೆ ಗೊತ್ತಾಗುತ್ತದೆ. ಬಹಳ ದಿನ ಬಾಳುವುದೂ ಇಲ್ಲ. ಬೆಲೆ ಏನೂ ಇಲ್ಲ ಅನ್ನಿ."

"ಹೊಲೀರಿ" ಎಂದರು. "ಮುಂದಿನ ವಾರದ ಶನಿವಾರ ಎಲ್ಲ ತಾಯಿತಂದೆಯರನ್ನ ಕರೀತೀನಿ. ನೀವೂ ಬನ್ನಿ. ನನ್ನ ತಲೆ ಬಗ್ಗೆ ಯಾರು ಏನು ಕೇಳಿದ್ರೂ ಹೇಳಿ. ಅಪ್ಪಣೆ ಕೊಟ್ಟಿದೀನಿ."

ಜುಲೈ ೧, ಸೋಮವಾರ

ಮನೆಯಲ್ಲಿ ಕೂತು ರಬ್ಬರ್ ಟೋಪಿಗೆ ಪಟ್ಟಿ ಹೊಲಿಯುತ್ತಿದ್ದೆ. ಅತ್ತೆ ಕನ್ನಡಕ ಏರಿಸಿ ನೋಡಿದರು. "ಜನಕ್ಕೆ ಟೋಪಿ ಹಾಕಲ್ಲ ಅಂತ ಹಟ ಹಿಡಿದೋಳು, ಈಗ ನಿಜವಾದ ಟೋಪೀನೇ ಹೊಲೀತಿದೀಯಲ್ಲೇ!" ತಮ್ಮ ಮಾತಿಗೆ ತಾವೇ ನಕ್ಕು ಕೆಮ್ಮು ಹತ್ತಿಸಿಕೊಂಡರು. ಕೆಮ್ಮುವಾಗ ಬಾಯಿಗೆ ಕೈ ಇಟ್ಟುಕೊಂಡರು.

ಶನಿವಾರ ಅಂಗಡಿಗೆ ಬರುವುದಿಲ್ಲವೆಂದು ಯಜಮಾನರಿಗೆ ಹೇಳಿದ್ದೇನೆ. ಕೇಳಬೇಕಿತ್ತು. ಹೇಳಿಬಿಟ್ಟೆ.

ಜುಲೈ ೬, ಶನಿವಾರ

ಆದದ್ದನ್ನೆಲ್ಲ ಬರೆದೇ ಏಳಬೇಕು.

ಕೊಳದ ದಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ತಾಯಂದಿರು, ತಂದೆಯರು, ಮಡಿಲಲ್ಲಿ ಮಕ್ಕಳು. ಕಪ್ಪು ಕನ್ನಡಕದವರು ಮುಂದಿನ ಸಾಲಿನಲ್ಲಿ. ನಾನು ಕಂಬದ ಹಿಂದೆ. ಟೀಚರ್ ಈಜುಡುಗೆಯಲ್ಲೇ ಬಂದರು, ತಲೆಗೆ ನಾನು ಹೊಲಿದ ಟೋಪಿ. ಪೀಠಿಕೆಯಿಲ್ಲದೆ ಶುರು ಮಾಡಿದರು.

"ನನ್ನ ಕೂದಲೆಲ್ಲ ಉದುರಿದೆ. ನೀವು ನೋಡ್ತಿದ್ದಿದ್ದು ವಿಗ್. ಇದು ಅಂಟೋದಲ್ಲ, ಜ್ವರ ಅಲ್ಲ, ನನ್ನ ಶಕ್ತಿ ಎಲ್ಲೂ ಹೋಗಿಲ್ಲ. ಡಾಕ್ಟರ್ ಬರೆದುಕೊಟ್ಟಿದ್ದು ಅಲ್ಲಿ ಗೋಡೆಗೆ ಹಾಕಿದೀನಿ, ಓದಿ."

ಕಪ್ಪು ಕನ್ನಡಕದವರು ತಿರುಗಿಯೂ ನೋಡಲಿಲ್ಲ. "ಚೀಟಿ ಯಾರು ಬೇಕಾದ್ರೂ ತರ್ತಾರೆ. ದಿನಾ ಮುಟ್ಟೋರಿಗೆ ಏನೂ ಆಗಲ್ಲ ಅಂತ ಏನು ಗ್ಯಾರಂಟಿ?"

"ಕೈಯಾರೆ ಮುಟ್ಟಿದವರು ಅಲ್ಲಿದಾರೆ, ಕೇಳಿ" ಎಂದು ಟೀಚರ್ ಕಂಬದ ಕಡೆ ಕೈ ತೋರಿಸಿದರು.

ಎಲ್ಲ ತಲೆಗಳೂ ತಿರುಗಿದವು. ಅಷ್ಟೊಂದು ತಲೆ! ಎಂದಿನಂತೆ ನೆತ್ತಿ ನೋಡೋಣವೆಂದರೆ ಎಲ್ಲವೂ ಮುಖ ಮೇಲೆತ್ತಿಕೊಂಡು ನನ್ನನ್ನೇ ನೋಡುತ್ತಿವೆ. ಹೊರಗೆ ಬಂದೆ.

"ನಾನು ವಿಗ್ ಮಾಡೋಳು. ಕಳೆದ ತಿಂಗಳು ಇವರ ತಲೆ ಅಳೆದಿದ್ದು, ಒರೆಸಿದ್ದು, ಕೂರಿಸಿದ್ದು ಎಲ್ಲ ಈ ಕೈಯಲ್ಲೇ. ಗ್ಲೌಸು ಗಿಲೌಸು ಹಾಕಿರಲಿಲ್ಲ. ಡಾಕ್ಟರ್ ಹೇಳೋದು ನನಗೆ ಹೇಳೋಕೆ ಬರಲ್ಲ. ನನ್ನ ತಲೆ ತೋರಿಸೋಕೆ ಬರತ್ತೆ." ಎಂದು ಜಡೆ ಬಿಚ್ಚಿದೆ. "ಇಷ್ಟೂ ನಂದೇ. ಬೇಕಾದರೆ ಎಳೆದು ನೋಡಿ."

ಬೇಕಾದರೆ ಎಂದದ್ದು ಮಾತಿಗೆ. ಒಂದು ಪುಟ್ಟ ಹುಡುಗಿ ಎದ್ದು ಬಂದು, ಎರಡೂ ಕೈಯಲ್ಲಿ ಹಿಡಿದು, ಕಾಲು ಊರಿ ಎಳೆದೇಬಿಟ್ಟಳು. "ಅಮ್ಮಾ!" ಎಂದು ಕಿರುಚಿದೆ. ಹುಡುಗಿ ಖಾಲಿ ಕೈ ಬಿಡಿಸಿ ತಾಯಿಗೆ ತೋರಿಸಿ, "ಬರಲ್ಲ, ಗಟ್ಟಿ ಇದೆ" ಎಂದಳು. ಕಪ್ಪು ಕನ್ನಡಕದವರ ಮಗಳು ಅವಳು.

ಇಡೀ ಕೊಳ ನಕ್ಕಿತು. ನಗುವಿನ ಬಿಸಿಯಲ್ಲಿ ಹಿಂದಿನಿಂದ ಒಬ್ಬ ದಪ್ಪ ಮೀಸೆಯ ತಂದೆ ಕೂಗಿದರು: "ಅದಿರಲಿ ಅಮ್ಮಾ, ಇಲ್ಲಿ ಇನ್ನೂ ಯಾರ್ಯಾರು ಇದಾರೆ ನಿಮ್ಮ ಗಿರಾಕಿಗಳು? ಹೇಳಿಬಿಡಿ, ಎಲ್ಲರ ತಲೆಯೂ ನೋಡಿಬಿಡೋಣ!"

ಮತ್ತೆ ನಗು. ಒಬ್ಬರು ನಗಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ಕೈ ಮೆಲ್ಲಗೆ ನೆತ್ತಿಯ ಕನ್ನಡಕಕ್ಕೆ ಹೋಗಿ ಅಲ್ಲೇ ನಿಂತಿತು. ಆ ಕಣ್ಣು ನನ್ನನ್ನು ನೋಡಿತು. ಆ ನೋಟವನ್ನು ನಾನು ಬಲ್ಲೆ. ಅದು ನನ್ನದೇ, ಬೀಗದ ಮುಂದೆ ನಿಂತಾಗಿನದು.

ಅವರನ್ನು ಬಯಲು ಮಾಡಲು ಒಂದು ಕಣ್ಸನ್ನೆ ಸಾಕಿತ್ತು. ಒಂದು ಮುಗುಳ್ನಗೆಯಾದರೂ ಸಾಕಿತ್ತು. ನಾನು ಅವರ ಕಡೆ ನೋಡಲೇ ಇಲ್ಲ. ಮೀಸೆಯವರ ಮುಖಕ್ಕೆ ನೇರ ನೋಡಿದೆ.

"ನನಗೆ ಅಪ್ಪಣೆ ಇರೋದು ಒಂದೇ ತಲೆಗೆ ಸಾರ್. ಆ ತಲೆಯವರು ಅಲ್ಲಿ ನಿಂತಿದಾರೆ. ಉಳಿದವರ್ಯಾರೂ ನನಗೆ ಗೊತ್ತಿಲ್ಲ, ಗೊತ್ತಿದ್ದರೂ ಗೊತ್ತಿಲ್ಲ. ನಿಮಗೂ ಮುಂದೆ ಬೇಕಾದೀತು, ಆಗ ಬನ್ನಿ. ನಿಮ್ಮ ಮನೆಯವರಿಗೂ ಹೇಳೋದಿಲ್ಲ."

ಅವರ ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಮೀಸೆಯವರು ತಮ್ಮ ನೆತ್ತಿ ಮುಟ್ಟಿ ನೋಡಿಕೊಂಡು ಕೂತರು.

ಆಗ ಕಪ್ಪು ಕನ್ನಡಕದವರು ಎದ್ದರು. "ನಂದು ಇನ್ನೇನೂ ಪ್ರಶ್ನೆ ಇಲ್ಲ. ನನ್ನ ಮಗಳು ಇಲ್ಲೇ ಕಲೀತಾಳೆ" ಎಂದರು. ಅವರು ಹಾಗೆಂದ ಮೇಲೆ ಉಳಿದವರದು ಏನಿದೆ?

ಟೀಚರ್ ನನ್ನ ಹತ್ತಿರ ಬಂದು, ಟೋಪಿಯ ಅಂಚಿನ ಕೂದಲ ಪಟ್ಟಿಯನ್ನು ಚರ್‍ರೆಂದು ಕಿತ್ತು ನನ್ನ ಅಂಗೈಯಲ್ಲಿಟ್ಟರು. "ಇನ್ನು ಇದ್ಯಾಕೆ? ಇಟ್ಕೊಳ್ಳಿ." ಕತ್ತು ನುಣ್ಣಗೆ ಬಿಸಿಲಿಗೆ ಹೊಳೆಯಿತು. ಓಡಿಹೋಗಿ ಧುಮುಕಿದರು. ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ಆ ತುದಿಯಲ್ಲಿ ಎದ್ದು ಸೀಟಿ ಊದಿದರು. ಮಕ್ಕಳು ಕಪ್ಪೆಗಳ ಹಾಗೆ ಒಬ್ಬರ ಮೇಲೊಬ್ಬರು ನೀರಿಗೆ ಬಿದ್ದವು.

ಅಷ್ಟು ಕಷ್ಟಪಟ್ಟು ಹೊಲಿದ ಪಟ್ಟಿ. ಹೊಲಿಗೆ ಗಟ್ಟಿಯಾಗೇ ಇತ್ತು, ಕಿತ್ತದ್ದಕ್ಕೆ ಬಂತು.

ಜುಲೈ ೧೧, ಗುರುವಾರ

ಕಪ್ಪು ಕನ್ನಡಕದವರು ಬಂದರು. ಕೂತರು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಕೊಳದ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನೆತ್ತಿ ನೋಡಿ, "ಇನ್ನೂ ಸಾಕಷ್ಟಿದೆ, ಈಗಲೇ ತುಂಡು ಕೂರಿಸಿದರೆ ಕ್ಲಿಪ್ಪಿನ ಎಳೆತಕ್ಕೆ ಇರುವುದೂ ಹೋಗುತ್ತದೆ. ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ, ಬೈತಲೆ ಜಾಗ ಬದಲಾಯಿಸಿ" ಎಂದೆ. ಬೈತಲೆ ನಾನೇ ತೆಗೆದುಕೊಟ್ಟೆ. ಏನೂ ಮಾರಲಿಲ್ಲ. ಯಜಮಾನರು ಪರದೆಯ ಹಿಂದೆ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

ಸಂಜೆಯೊಳಗೆ ಅವರ ಸ್ನೇಹಿತೆಯರು ಮೂವರು ಬಂದರು. "ಇಲ್ಲಿ ನಿಜ ಹೇಳ್ತಾರಂತೆ" ಎಂದರು. ಇಬ್ಬರಿಗೆ ನಿಜವಾಗಿಯೂ ವಿಗ್ ಬೇಕಿತ್ತು.

ಯೋಚನೆ ಮಾಡಿ ಬರುತ್ತೇನೆಂದು ಹೋಗಿದ್ದ ಆಫೀಸಿನವರೂ ಬಂದಿದ್ದರು. ಗಾಳಿಗೆ ಏನು ಮಾಡಬೇಕೆಂದು ಕೇಳಿದರು. ಹೇಳಿದೆ. ಕೊಂಡರು.

ಜುಲೈ ೧೫, ಸೋಮವಾರ

ಕನ್ನಡಿ ಅಕ್ಕ ಕೋಲು ಊರಿಕೊಂಡು ಬಂದರು. ಕುರ್ಚಿ ಬಿಟ್ಟು ಎದ್ದೆ. ಅಕ್ಕ ಕೂರಲಿಲ್ಲ. ಯಜಮಾನರನ್ನು ನೋಡಿದರು. ತೀರ್ಮಾನ ಇವತ್ತೇ ಎಂದುಕೊಂಡೆ. ಯಜಮಾನರು ಒಳಗೆ ಹೋಗಿ ಇನ್ನೊಂದು ಕುರ್ಚಿ ತಂದು ಅಕ್ಕನ ಕುರ್ಚಿಯ ಪಕ್ಕಕ್ಕೆ ಹಾಕಿದರು. ಹೊಸದು. ಬೆನ್ನಿನ ಪ್ಲಾಸ್ಟಿಕ್ ಕವರು ಇನ್ನೂ ತೆಗೆದಿರಲಿಲ್ಲ.

"ನೋಡ್ತಾ ನಿಂತೆಯಲ್ಲ, ಕೂರು" ಎಂದರು ಅಕ್ಕ. ಹಿಂದಕ್ಕೆ ಒರಗಿ ಕೂತೆ, ಕುರ್ಚಿ ಚೆನ್ನಾಗಿದೆ. ಕನ್ನಡಿಯಲ್ಲಿ ನೋಡಿದರೆ ಹುಬ್ಬಿನ ಹತ್ತಿರ ನನಗೊಂದು ಮಚ್ಚೆಯಿದೆ. ಇಷ್ಟು ದಿನ ಎಲ್ಲಿತ್ತೋ.

ಬಾಗಿಲು ಹಾಕುವ ಹೊತ್ತಿಗೆ ಅಕ್ಕ ಆಟೋ ಹತ್ತಿ ಹೋದರು. ಯಜಮಾನರು ಹೋಗಲಿಲ್ಲ. ಬಂದು ಗಿರಾಕಿಯ ಕುರ್ಚಿಯಲ್ಲಿ ಕೂತರು. ಕನ್ನಡಿ ನೋಡಿದರು, ನನ್ನನ್ನು ನೋಡಿದರು, ಕೆಮ್ಮಿದರು.

"ಒಂದು ಮಾತು ಕೇಳ್ತೀನಿ. ನಂದು... ಗೊತ್ತಾಗತ್ತಾ?"

ಹಳೆಯ ಹೆದರಿಕೆ ಎದೆಗೆ ಬಂದು ನಿಂತಿತು. ನನ್ನ ಹೆದರಿಕೆ ಸಾಯುವವರೆಗೂ ಹೋಗುವುದಲ್ಲ ಬಿಡಿ.

"ಗೊತ್ತಾಗತ್ತೆ ಸಾರ್."

"ಯಾರಿಗೆ?"

"ಎಲ್ಲರಿಗೂ. ಮೀಸೆಗೆ ನರೆ ಬಂದು ವರ್ಷಗಳಾಯ್ತು. ತಲೆಗೆ ಇನ್ನೂ ಬಂದೇ ಇಲ್ಲ."

ಅವರು ಕನ್ನಡಿಗೆ ಬಾಗಿ ಮೀಸೆ ನೋಡಿಕೊಂಡರು, ತಲೆ ನೋಡಿಕೊಂಡರು. ಆಮೇಲೆ ಇಬ್ಬರೂ ಮರದ ತಲೆಗಳೆಲ್ಲ ಅದುರುವ ಹಾಗೆ ನಕ್ಕೆವು. ವಿಗ್ ತೆಗೆದು ತಾವೇ ನನ್ನ ಕೈಗೆ ಕೊಟ್ಟು, "ಹಾಕಮ್ಮಾ, ಎಷ್ಟು ನರೆ ಬೇಕೋ ಅಷ್ಟು ಹಾಕು" ಎಂದರು. ಟೋಪಿ ಹಾಕಿಕೊಂಡು ಮನೆಗೆ ಹೋದರು. ನಾಳೆಯಿಂದ ಕಿವಿಯ ಪಕ್ಕದಿಂದ ಶುರುಮಾಡಬೇಕು. ಒಮ್ಮೆಲೇ ಬೇಡ, ಸ್ವಲ್ಪ ಸ್ವಲ್ಪವಾಗಿ.

ಬರೆಯುತ್ತಿದ್ದರೆ ಒಳಗಿನಿಂದ ಅತ್ತೆ ಗೊಣಗುತ್ತಿದ್ದಾರೆ. "ಏನೇ, ಬಾಗಿಲು ನೋಡಲ್ವಾ ಈಗೀಗ? ಎಷ್ಟು ದಿನ ಆಯ್ತು ಆ ಬೀಗ ಎಳೆಯೋ ಸದ್ದು ಕೇಳಿ. ಅದು ಕೇಳಿಸದೆ ನಂಗೆ ನಿದ್ದೇನೇ ಹತ್ತಲ್ಲ."

ಹೌದಲ್ಲ, ನೋಡಿಲ್ಲ. ಎಂದಿನಿಂದಲೋ. ಹೋಗಿ ಅತ್ತೆಗೆ ಕೇಳಿಸುವ ಹಾಗೆ ಒಂದು ಸಲ ಜೋರಾಗಿ ಎಳೆದು ಬಂದೆ. ಈಗ ಗೊರಕೆ ಕೇಳಿಸುತ್ತಿದೆ.